ಹಸ್ತೆಯಿಂದ ವಿಶಾಖೆವರೆಗೆ: ಮಂಡ್ಯ ಸೀಮೆಯ ಪೈರು, ಕುರಿ-ದನ, ಮೇವಿನ ಮೇಲೆ ಹಿಂಗಾರಿನ ತೇವ

ಪುಸ್ತಕದಲ್ಲಿ ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಮಂಡ್ಯ, ಮೈಸೂರು ಕಡೆ ಅದನ್ನು ಮಳೆಯ ಹೆಸರಲ್ಲೇ ಎಣಿಸುತ್ತಾರೆ. ಹಸ್ತೆ ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುತ್ತದೆ, ಚಿತ್ತೆ ಅಕ್ಟೋಬರ್ 10-11ಕ್ಕೆ, ಸ್ವಾತಿ 24ಕ್ಕೆ, ವಿಶಾಖೆ ನವೆಂಬರ್ 6ಕ್ಕೆ. ಇಲ್ಲಿ ಮಳೆಗಾಲಕ್ಕೆ ಎರಡು ಏರುಗಳಿವೆ: ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದಕ್ಕಿಂತ ದೊಡ್ಡದು. ಅಕ್ಟೋಬರ್ ನಡುವಿನಲ್ಲಿ ಮುಂಗಾರು ಮಾರುತ ಹಿಂದೆ ಸರಿದು, ತಿಂಗಳ ಮೂರನೇ ವಾರದಿಂದ ಈಶಾನ್ಯ ಮಾರುತ ಶುರುವಾಗುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತಮಿಳುನಾಡಿನ ಕರಾವಳಿ ದಾಟಿದಾಗ ಇಲ್ಲಿ ಎರಡು ಮೂರು ದಿನ ಮೋಡ ಮುಚ್ಚಿ ಜಿಟಿಜಿಟಿ ಹನಿಯುತ್ತದೆ.

ಮಳೆ ಲೆಕ್ಕ ಇಡುವವರು ಸಾಮಾನ್ಯವಾಗಿ ಎಷ್ಟು ಮಿಲಿಮೀಟರ್ ಮಳೆ ಬಂತು ಎಂದು ಬರೆದುಕೊಳ್ಳುತ್ತಾರೆ. ಈ ಕಾಲಕ್ಕೆ ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬೇಕೇ ಬೇಕು: ಎಲೆ, ಹುಲ್ಲು, ತೆನೆ ಎಷ್ಟು ಗಂಟೆ ಒದ್ದೆಯಾಗಿದ್ದವು? ಒಂದು ಗಂಟೆ ಜೋರಾಗಿ ಸುರಿದು ಬಿಸಿಲು ಕಾದರೆ ಗದ್ದೆಗೆ ಆಗುವ ನಷ್ಟ ಕಡಿಮೆ. ಒಂದು ಹನಿಯೂ ಬೀಳದೆ ರಾತ್ರಿ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಇಬ್ಬನಿ ಕೂತರೆ ಹದಿನಾಲ್ಕು ಗಂಟೆ ತೇವ. ಭತ್ತದ ಬೆಂಕಿ ರೋಗ, ಕುರಿಯ ಹೊಟ್ಟೆಹುಳು, ಮೆದೆಯ ಬೂಷ್ಟು ಮೂರೂ ಈ ಗಂಟೆಗಳಲ್ಲೇ ಹುಟ್ಟುತ್ತವೆ.

ಭತ್ತ: ಹೊಡೆಯಿಂದ ಹಾಲುಗಾಳಿನವರೆಗೆ

ಕೃಷ್ಣರಾಜಸಾಗರದ ನಾಲಾ ಬಯಲಿನಲ್ಲಿ ಜುಲೈ-ಆಗಸ್ಟ್‌ನಲ್ಲಿ ನಾಟಿಯಾದ ಭತ್ತ ಚಿತ್ತೆ-ಸ್ವಾತಿಯ ಹೊತ್ತಿಗೆ ಹೊಡೆಯಿಂದ (ತೆನೆಯನ್ನು ಒಳಗಿಟ್ಟುಕೊಂಡು ಉಬ್ಬಿದ ಎಲೆಕವಚ) ತೆನೆ ಹೊರಡಿಸುತ್ತದೆ. ಬೆಂಕಿ ರೋಗದ ಶಿಲೀಂಧ್ರಕ್ಕೆ ಬೇಕಾದದ್ದು 20ರಿಂದ 26 ಡಿಗ್ರಿಯ ರಾತ್ರಿ, ಶೇ 90ಕ್ಕೂ ಮೀರಿದ ಆರ್ದ್ರತೆ, ಹತ್ತು ಗಂಟೆಯಾದರೂ ಒದ್ದೆ ಎಲೆ. ಅಕ್ಟೋಬರ್‌ನಲ್ಲಿ ಇಲ್ಲಿನ ರಾತ್ರಿಯ ಕನಿಷ್ಠ ಉಷ್ಣಾಂಶ 20ರ ಆಸುಪಾಸಿನಲ್ಲೇ ಇರುತ್ತದೆ, ಅಂದರೆ ಮೂರೂ ಒಟ್ಟಿಗೆ ಕೂಡುವ ತಿಂಗಳು ಇದೇ. ಬೀಜಕಣ ಹೆಚ್ಚಾಗಿ ಹಾರುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಎಲೆಗೆ ತಗುಲಿದ ನಾಲ್ಕೈದು ದಿನಕ್ಕೆ ಚುಕ್ಕೆ ಕಾಣುತ್ತದೆ: ಎರಡೂ ತುದಿ ಚೂಪು, ನಡುವೆ ಬೂದಿ, ಅಂಚು ಕಂದು.

ಎಲೆಯ ಚುಕ್ಕೆಗಿಂತ ತೆನೆಯ ಕುತ್ತಿಗೆಗೆ ತಗುಲುವುದು ದೊಡ್ಡ ನಷ್ಟ. ಹಾಲುಗಾಳಿಗೆ (ಕಾಳಿನೊಳಗೆ ಹಾಲು ತುಂಬುವ ಹಂತ) ಮೊದಲೇ ತಗುಲಿದರೆ ಇಡೀ ತೆನೆ ಬಿಳಿಚಿ ಜೊಳ್ಳಾಗುತ್ತದೆ, ತಡವಾಗಿ ತಗುಲಿದರೆ ಅರೆಗಾಳು ಕಟ್ಟಿ ಕುತ್ತಿಗೆ ಮುರಿದು ನೇತುಬೀಳುತ್ತದೆ. ಕಾಂಡಕೊರಕದಿಂದಲೂ ಬಿಳಿ ತೆನೆ ಬರುವುದರಿಂದ ಗುರುತು ತಪ್ಪುವುದು ಇಲ್ಲೇ. ಬಿಳಿ ತೆನೆಯನ್ನು ಹಿಡಿದು ಮೇಲಕ್ಕೆ ಎಳೆದು ನೋಡಿ. ಸುಲಭವಾಗಿ ಕಿತ್ತು ಬಂದು ಬುಡದಲ್ಲಿ ಹುಳು ತಿಂದ ಗುರುತಿದ್ದರೆ ಕೊರಕ. ಕಿತ್ತು ಬಾರದೆ, ತೆನೆ ಶುರುವಾಗುವ ಗಿಣ್ಣಿನ ಸುತ್ತ ಕಪ್ಪು-ಕಂದು ಉಂಗುರ ಕಂಡರೆ ಬೆಂಕಿ ರೋಗ. ಎರಡಕ್ಕೂ ಔಷಧಿ ಬೇರೆ, ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗದ್ದೆಯ ನಾಲ್ಕು ಕಡೆ ಎಳೆದು ನೋಡುವುದು ಕಡ್ಡಾಯ.

ಬೆಂಕಿ ರೋಗದ ಶಿಲೀಂಧ್ರನಾಶಕ ಟ್ರೈಸೈಕ್ಲಜೋಲ್ 75 ಡಬ್ಲ್ಯುಪಿಯ (ನೀರಿಗೆ ಬೆರೆಸುವ ಪುಡಿ) ಅಳತೆ ಲೀಟರ್‌ಗೆ 0.6 ಗ್ರಾಂ, ಎಕರೆಗೆ 200 ಲೀಟರ್ ದ್ರಾವಣಕ್ಕೆ 120 ಗ್ರಾಂ. ಕುತ್ತಿಗೆಯನ್ನು ಉಳಿಸಬೇಕಾದರೆ ಹೊಡೆ ಬಿರಿದು ತೆನೆ ಇಣುಕುವಾಗಲೇ ಸಿಂಪಡಿಸಬೇಕು. ತೆನೆ ಬಿಳಿಚಿದ ಮೇಲೆ ಹೊಡೆದರೆ ಆ ತೆನೆ ತಿರುಗಿ ಕಾಳು ಕಟ್ಟುವುದಿಲ್ಲ. ಹೂವಿನ ಸಮಯದಲ್ಲಿ ಬೆಳಿಗ್ಗೆ ಸಿಂಪಡಿಸಬೇಡಿ: ಭತ್ತದ ಹೂ ಬಿರಿಯುವುದು ಮಧ್ಯಾಹ್ನದೊಳಗೆ, ನೀರು ಬಿದ್ದರೆ ಪರಾಗ ಕೆಡುತ್ತದೆ. ಮೂರು ಗಂಟೆಯ ಮೇಲೆ ಹೊಡೆಯಿರಿ.

ಔಷಧಿಗಿಂತ ಮೊದಲು ಯೂರಿಯಾದ ಮಾತು. ನೀರಾವರಿ ಭತ್ತಕ್ಕೆ ಎಕರೆಗೆ 40 ಕೆಜಿ ಸಾರಜನಕ, ಅದರಲ್ಲಿ ಕೊನೆಯ ಕಂತು 10 ಕೆಜಿ. ಅಂದರೆ ಸುಮಾರು 22 ಕೆಜಿ ಯೂರಿಯಾ, ಅರ್ಧ ಮೂಟೆ. ಮೋಡ ಕವಿದು ಎಲೆಯಲ್ಲಿ ಚುಕ್ಕೆ ಕಂಡಿರುವಾಗ ಈ ಕಂತನ್ನು ಹಾಕಿದರೆ ಎಲೆ ಕಡುಹಸಿರಾಗಿ ಮೆದುವಾಗುತ್ತದೆ, ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಬಿಸಿಲು ಬರುವವರೆಗೆ ತಡೆಹಿಡಿಯಿರಿ.

ಹೀಗೆ ಒತ್ತಾಗಿ ಬೆಳೆದ ಪೈರಿನ ಬುಡದಲ್ಲಿ ಕಂದು ಜಿಗಿಹುಳು ಸೇರುತ್ತದೆ. ಗದ್ದೆಯ ಮಧ್ಯೆ ವೃತ್ತಾಕಾರವಾಗಿ ಸುಟ್ಟಂತೆ ಕಂಡಾಗ ಹೊತ್ತು ಮೀರಿರುತ್ತದೆ. ವಾರಕ್ಕೊಮ್ಮೆ ಬುಡ ಬಿಡಿಸಿ ಎಣಿಸಬೇಕು, ಪೈರಿನ ಒಂದು ಬುಡಕ್ಕೆ ಐದರಿಂದ ಹತ್ತು ಹುಳು ಕಂಡರೆ ನೀರು ಬಸಿದು ನೆಲ ಆರಲು ಬಿಡಬೇಕು. ನಾಟಿ ಮಾಡುವಾಗಲೇ ಎರಡು ಮೂರು ಮೀಟರಿಗೊಂದು ಅಡಿಯಗಲದ ಓಣಿ ಬಿಟ್ಟಿದ್ದರೆ ಗಾಳಿ ಆಡುತ್ತದೆ, ಬುಡಕ್ಕೆ ಔಷಧಿಯೂ ತಲುಪುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಜೇಡ ಮುಂತಾದ ಮಿತ್ರಜೀವಿಗಳು ಸತ್ತು ಜಿಗಿಹುಳು ಮೊದಲಿಗಿಂತ ಹೆಚ್ಚುತ್ತದೆ.

ತಡವಾದ ನಾಟಿಗೆ ಕಾಟ ಕೊಡುವುದು ಚಳಿ. ಲೆಕ್ಕ ಹಾಕೋಣ. 140 ದಿನದ ತಳಿಯನ್ನು ಜುಲೈ 7ಕ್ಕೆ ಒಟ್ಲು (ಸಸಿಮಡಿ) ಹಾಕಿದರೆ ಕೊಯ್ಲು ನವೆಂಬರ್ 24ರ ಸುಮಾರಿಗೆ, ಹೂವು ಅದಕ್ಕೆ ತಿಂಗಳು ಮೊದಲು, ಅಕ್ಟೋಬರ್ 25ಕ್ಕೆ. ನಾಲೆಗೆ ನೀರು ತಡವಾಗಿ ಆಗಸ್ಟ್ 16ಕ್ಕೆ ಒಟ್ಲು ಹಾಕಿದರೆ ಅದೇ ತಳಿ ಹೂ ಬಿಡುವುದು ಡಿಸೆಂಬರ್ 4ಕ್ಕೆ. ಡಿಸೆಂಬರ್‌ನ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತೆನೆ ಹೊರಡುವುದಕ್ಕೆ ಹತ್ತು-ಹನ್ನೆರಡು ದಿನ ಮೊದಲು, ಹೊಡೆಯೊಳಗೆ ಪರಾಗ ರೂಪುಗೊಳ್ಳುವಾಗ, ಇಂಥ ಚಳಿ ತಗುಲಿದರೆ ಪರಾಗ ಬಂಜೆಯಾಗಿ ಜೊಳ್ಳು ಹೆಚ್ಚುತ್ತದೆ, ತೆನೆಯ ಬುಡ ಹೊಡೆಯೊಳಗೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸಿಂಪಡಣೆಯಿಲ್ಲ. ತಡವಾದ ವರ್ಷ 120 ದಿನದ ತಳಿಗೆ ಬದಲಾಯಿಸಿದರೆ ಹೂವು ನವೆಂಬರ್ ನಡುವಿಗೆ ಬರುತ್ತದೆ, ಅಷ್ಟೇ ದಾರಿ.

ಕೊಯ್ಲಿನ ಮೇಲೆ ಮಳೆ

ತೆನೆಯ ಕಾಳಿನಲ್ಲಿ ಶೇ 80-85 ಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ತೇವಾಂಶ ಶೇ 20-22 ಇರುವಾಗ ಕೊಯ್ಯಬೇಕು. ಅದಕ್ಕೆ ಹತ್ತು-ಹನ್ನೆರಡು ದಿನ ಮೊದಲು ನೀರು ಬಸಿಯಬೇಕು, ಇಲ್ಲದಿದ್ದರೆ ವಿಶಾಖೆಯ ಒಂದು ಗಾಳಿಮಳೆಗೆ ಪೈರು ಮಲಗುತ್ತದೆ. ಮಲಗಿದ ತೆನೆ ಕೆಸರಿಗೆ ತಾಗಿ ಎರಡು ಮೂರು ದಿನ ನೆನೆದರೆ ಮೊಳಕೆಯೊಡೆಯುತ್ತದೆ. ಬಿದ್ದ ಪೈರಿಗೂ ಕೊಯ್ದ ಅರಿಗೂ (ಕೊಯ್ದು ಹಾಕಿದ ಹಿಡಿಗಳಿಗೂ) ಲೀಟರ್‌ಗೆ 50 ಗ್ರಾಂ ಅಡುಗೆ ಉಪ್ಪಿನ ನೀರನ್ನು ತೆನೆ ತೊಯ್ಯುವಂತೆ ಸಿಂಪಡಿಸಿದರೆ ಮೊಳಕೆ ತಡೆಯುತ್ತದೆ. ಆ ಭತ್ತವನ್ನು ಬಿತ್ತನೆಗೆ ಇಡಬೇಡಿ. ಮಾರಾಟದ ಭತ್ತವನ್ನು ಶೇ 14ಕ್ಕೆ, ಬಿತ್ತನೆಯದನ್ನು ಶೇ 12ಕ್ಕೆ ಒಣಗಿಸಿ ಚೀಲ ಕಟ್ಟಬೇಕು.

ನಾಗಮಂಗಲ, ಕೆ.ಆರ್. ಪೇಟೆಯ ಖುಷ್ಕಿ ರಾಗಿಗೂ ಇದೇ ಪಾಡು. ಕುತ್ತಿಗೆಗೆ ತಗುಲುವ ಬೆಂಕಿ ರೋಗವನ್ನು ರಾಗಿಯಲ್ಲಿ ಇಲುಕು ಅನ್ನುತ್ತಾರೆ. ಜಿಪಿಯು-28 ಅದನ್ನು ಚೆನ್ನಾಗಿ ತಡೆಯುವ ತಳಿ. ಹುರುಳಿಗೆ ಹಸ್ತೆಯ ತೇವ ಒಂದೇ ಸಾಕು, ಚಿತ್ತೆ ಹೆಚ್ಚಾಗಿ ಸುರಿದರೆ ಬಳ್ಳಿ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಅವರೆ ಹೂವಿನಲ್ಲಿರುವಾಗ ಮೂರು ದಿನ ಮೋಡ ನಿಂತರೆ ಕಾಯಿಕೊರಕಕ್ಕಾಗಿ ಹೂಗೊಂಚಲು ಬಿಡಿಸಿ ನೋಡಲು ಶುರುಮಾಡಿ.

ಕಬ್ಬಿಗೆ ಮಾತ್ರ ಈ ಕಾಲದ ಕೊನೆ ಒಳ್ಳೆಯದೇ. ಹಗಲು ಬಿಸಿಲು, ರಾತ್ರಿ ತಂಪು, ನೆಲ ಒಣಗುತ್ತಿದ್ದರೆ ಬೆಳವಣಿಗೆ ನಿಂತು ಸಕ್ಕರೆ ಕೂಡುತ್ತದೆ. ಕಟಾವಿಗೆ ಎರಡು ಮೂರು ವಾರ ಮೊದಲು ನೀರು ನಿಲ್ಲಿಸುವುದು ಇದಕ್ಕಾಗಿ. ನವೆಂಬರ್‌ನಲ್ಲಿ ಹದವಾದ ಮಳೆ ಬಿದ್ದರೆ ಕಬ್ಬು ಮತ್ತೆ ಬೆಳೆಯತೊಡಗಿ ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಇಳಿಯುತ್ತದೆ, ಆಗ ಕಡಿದು ಆಲೆಮನೆಗೆ ಒಯ್ದರೆ ಬೆಲ್ಲ ಗಟ್ಟಿ ಕೂರುವುದಿಲ್ಲ.

ಹಸಿರು ಕಂಡರೂ ಹೊಟ್ಟೆ ತುಂಬದ ಮೇವು

ಹಸ್ತೆ-ಚಿತ್ತೆಗೆ ಬದು, ಗೋಮಾಳ, ನಾಲೆ ಏರಿ ಎಲ್ಲಾ ಹಸಿರು. ಎಳೆ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಹಸು ಹೊಟ್ಟೆ ತುಂಬ ಮೇದರೂ ಒಣ ಅಂಶ ಸಾಲದೆ ಸಗಣಿ ತೆಳ್ಳಗಾಗುತ್ತದೆ, ನಾರು ಕಡಿಮೆಯಾಗಿ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಮೇಯಲು ಬಿಡುವ ಮೊದಲು ದೊಡ್ಡ ರಾಸಿಗೆ ಮೂರು ನಾಲ್ಕು ಕೆಜಿ ರಾಗಿ ಹುಲ್ಲು ಕೊಟ್ಟರೆ ಎರಡೂ ಸರಿಹೋಗುತ್ತವೆ, ಇಬ್ಬನಿಯಿಂದ ಒದ್ದೆಯಾದ ಕುದುರೆ ಮಸಾಲೆ (ಲೂಸರ್ನ್ ಮೇವು) ಅಥವಾ ಅಲಸಂದೆ ಸೊಪ್ಪು ತಿಂದು ಹೊಟ್ಟೆ ಉಬ್ಬರಿಸುವ ಅಪಾಯವೂ ತಗ್ಗುತ್ತದೆ. ಒಣಗಿ ಬಾಡಿದ್ದ ಜೋಳ ಮಳೆಗೆ ಮತ್ತೆ ಚಿಗುರಿದರೆ ಅತ್ತ ದನ ಸುಳಿಯಬಾರದು. ಆ ಎಳೆ ಚಿಗುರಿನಲ್ಲಿ ಸಯನೈಡ್ ವಿಷ ಹೆಚ್ಚು, ಹೂ ಬಿಟ್ಟ ಮೇಲೆಯೇ ಕೊಯ್ದು ಹಾಕಬೇಕು.

ಬನ್ನೂರು ಕುರಿಗೆ ಕಷ್ಟ ಬರುವುದು ಹುಲ್ಲಿನ ಬುಡದಿಂದ. ಹಿಕ್ಕೆಯಲ್ಲಿ ಬಿದ್ದ ಜಠರದ ಹುಳುವಿನ ಮೊಟ್ಟೆ ಬೆಚ್ಚನೆಯ ತೇವದಲ್ಲಿ ವಾರದೊಳಗೆ ಮರಿಯಾಗಿ, ಇಬ್ಬನಿಯ ಪೊರೆ ಹಿಡಿದು ಹುಲ್ಲೇರುತ್ತದೆ. ಹೆಚ್ಚಿನವು ನೆಲದಿಂದ ಎರಡು ಅಂಗುಲದೊಳಗೇ ಇರುತ್ತವೆ. ಆದ್ದರಿಂದ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ ರೊಪ್ಪದಿಂದ (ಕುರಿದೊಡ್ಡಿ) ಬಿಡಬೇಕು, ಬುಡ ಕಾಣುವಷ್ಟು ಮೇಯಿಸಬಾರದು. ಹುಳು ರಕ್ತ ಹೀರುತ್ತದೆ, ಹಾಗಾಗಿ ಕೆಳರೆಪ್ಪೆ ತಿರುವಿ ನೋಡಿ: ಕೆಂಪಿದ್ದರೆ ಸರಿ, ಬಿಳಿಚಿದ್ದರೆ ಔಷಧಿ ಬೇಕು. ಬಿಳಿಚಿದವಕ್ಕೆ ಮಾತ್ರ ಕೊಟ್ಟರೆ ಹುಳುಗಳಲ್ಲಿ ಔಷಧಿಗೆ ಬಗ್ಗದ ಗುಣ ಬೇಗ ಬೆಳೆಯುವುದಿಲ್ಲ.

ನಾಲೆಯಂಚಿನ ಸಮಸ್ಯೆ ಬೇರೆ. ಅಲ್ಲಿನ ಬಸವನಹುಳುವಿನಿಂದ ಹೊರಬಂದ ಯಕೃತ್ತಿನ ಚಪ್ಪಟೆ ಹುಳುವಿನ ಮರಿ ನೀರಂಚಿನ ಹುಲ್ಲಿಗೆ ಅಂಟಿ ಕೋಶ ಕಟ್ಟುತ್ತದೆ. ದವಡೆ ಕೆಳಗೆ ನೀರು ತುಂಬಿದ ಊತ ಅದರ ಗುರುತು. ಹೊಟ್ಟೆ ಸೇರಿದ ಮರಿ ಬಲಿತ ಹುಳುವಾಗಲು ಸುಮಾರು ಮೂರು ತಿಂಗಳು ಬೇಕು, ಆಕ್ಸಿಕ್ಲೋಜನೈಡ್ ಎಂಬ ಔಷಧಿ ಬಲಿತದ್ದನ್ನಷ್ಟೇ ಕೊಲ್ಲುತ್ತದೆ. ಅಕ್ಟೋಬರ್‌ನಲ್ಲಿ ಒಮ್ಮೆ ಕೊಟ್ಟು ಸುಮ್ಮನಾದರೆ ಈ ಹಿಂಗಾರಿನಲ್ಲಿ ಸೇರಿದ್ದು ಒಳಗೇ ಉಳಿಯುತ್ತದೆ. ಜನವರಿಯಲ್ಲಿ ಇನ್ನೊಮ್ಮೆ ಕೊಡಬೇಕು, ತೂಕಕ್ಕೆ ತಕ್ಕ ಅಳತೆಯನ್ನು ಪಶುವೈದ್ಯರಿಂದ ಬರೆಸಿಕೊಂಡು.

ನೀಲಿ ನಾಲಿಗೆ ರೋಗವೂ ಈ ತಿಂಗಳುಗಳದೇ. ಹಸಿ ಸಗಣಿ, ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚಿ ಹರಡುತ್ತದೆ. ಮುಖ ಊದಿ, ಮೂಗಿನಲ್ಲಿ ಹಕ್ಕಳೆ ಕಟ್ಟಿ, ಕುಂಟತೊಡಗಿದ ಮೇಲೆ ಆರೈಕೆಯಷ್ಟೇ ಉಳಿಯುವುದು. ಲಸಿಕೆ ಮಳೆಗೆ ಮೊದಲೇ ಆಗಿರಬೇಕು, ರೊಪ್ಪದ ನೆಲ ಒಣಗಿರಬೇಕು.

ಹುಲ್ಲು ಮೆದೆ

ಯಂತ್ರದಲ್ಲಿ ಕೊಯ್ದ ಗದ್ದೆಯ ಹುಲ್ಲು ಸಾಲಿನಲ್ಲಿ ಬಿದ್ದು ಕೆಳಪದರ ಹಸಿಯಾಗೇ ಉಳಿಯುತ್ತದೆ. ಬಿಸಿಲಿಗೆ ಒಮ್ಮೆ ಮಗುಚಿ, ತೇವಾಂಶ ಶೇ 15ಕ್ಕಿಂತ ಇಳಿದ ಮೇಲೆ ಉಂಡೆ ಕಟ್ಟಿಸಬೇಕು. ತಿರುಚಿದರೆ ಪಟಪಟ ಮುರಿಯಬೇಕು, ಬಳುಕಿದರೆ ಇನ್ನೂ ಹಸಿ. ಮೆದೆ ಒಟ್ಟಿ ನಾಲ್ಕನೇ ದಿನ ತೋಳು ತೂರಿಸಿ ನೋಡಿ. ಒಳಗೆ ಬಿಸಿಯೆನಿಸಿದರೆ ಅಂದೇ ಬಿಚ್ಚಿ ಆರಿಸಬೇಕು, ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಗಬ್ಬದ ರಾಸಿಗಂತೂ ಹಾಕಲೇಬಾರದು, ತಿಪ್ಪೆಗೆ ಸೇರಿಸಿ.

ಚೆನ್ನಾಗಿ ಒಣಗಿದ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಇಡಬೇಕು. ಕರಗದೆ ಉಳಿದ ಹರಳು ಒಂದೇ ಕಡೆ ಸೇರಿದರೆ ದನಕ್ಕೆ ವಿಷ. ತೆಗೆದ ಹುಲ್ಲನ್ನು ಅರ್ಧ ಗಂಟೆ ಹರಡಿ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಹೋದ ಮೇಲೆ ಹಾಕಿ. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ ಕೊಡಿ, ಆರು ತಿಂಗಳೊಳಗಿನ ಕರುವಿಗೆ ಕೊಡಬೇಡಿ.