ಒಂದೇ ಗುಚ್ಛದ ಗ್ಯಾಲಕ್ಸಿಗಳಿಗೆ ಬೇರೆ ಬೇರೆ ಕೆಂಪುಪಲ್ಲಟ ಏಕೆ?

ಓದುಗರ ಪ್ರಶ್ನೆ: ಗ್ಯಾಲಕ್ಸಿ ಗುಚ್ಛವೊಂದರ ಸದಸ್ಯ ಗ್ಯಾಲಕ್ಸಿಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ ಎನ್ನುತ್ತಾರೆ. ಕೆಂಪುಪಲ್ಲಟ ದೂರವನ್ನು ತಿಳಿಸುತ್ತದೆ ಎಂದೂ ಓದಿದ್ದೇನೆ. ಹಾಗಾದರೆ ಒಂದೇ ಗುಚ್ಛದ ಗ್ಯಾಲಕ್ಸಿಗಳ ಕೆಂಪುಪಲ್ಲಟ ಬೇರೆ ಬೇರೆ ಇರುವುದೇಕೆ? ಯಾವುದು ಗುಚ್ಛದ್ದು, ಯಾವುದು ಅದೇ ದಿಕ್ಕಿನಲ್ಲಿ ಸುಮ್ಮನೆ ಅಡ್ಡ ಬಂದದ್ದು ಎಂದು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಕೆಂಪುಪಲ್ಲಟ ನೇರವಾಗಿ ದೂರವನ್ನು ಹೇಳುವುದಿಲ್ಲ. ಗ್ಯಾಲಕ್ಸಿಯಿಂದ ಹೊರಟ ಬೆಳಕಿನ ತರಂಗಾಂತರ ನಮ್ಮನ್ನು ತಲುಪುವಾಗ ಎಷ್ಟು ಪಾಲು ಹಿಗ್ಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಈ ಹಿಗ್ಗಿನಲ್ಲಿ ಎರಡು ಕಾರಣಗಳು ಬೆರೆತಿವೆ. ವಿಶ್ವ ಹಿಗ್ಗುತ್ತಿರುವುದರಿಂದ ಬಂದ ಪಾಲು ಗುಚ್ಛದ ಎಲ್ಲ ಸದಸ್ಯರಿಗೂ ಸಮಾನ. ಅದರ ಮೇಲೆ, ಗುಚ್ಛದ ಗುರುತ್ವಕ್ಕೆ ಸಿಲುಕಿ ಪ್ರತಿಯೊಂದು ಗ್ಯಾಲಕ್ಸಿಯೂ ತನ್ನದೇ ದಿಕ್ಕಿನಲ್ಲಿ ಓಡುತ್ತಿರುವುದರಿಂದ ಬಂದ ಪಾಲೊಂದಿದೆ. ನಮ್ಮತ್ತ ಬರುತ್ತಿರುವ ಗ್ಯಾಲಕ್ಸಿಯಲ್ಲಿ ಅದು ಕಳೆಯುತ್ತದೆ, ಆಚೆಗೆ ಹೋಗುತ್ತಿರುವುದರಲ್ಲಿ ಕೂಡುತ್ತದೆ.

ಈ ಎರಡನೆಯ ಪಾಲು ಚಿಕ್ಕದೆಂದು ತಿಳಿಯಬೇಡಿ. ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದು ಗುಚ್ಛವಿದೆ. ಒಟ್ಟಾರೆಯಾಗಿ ಅದು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆ. ಆದರೆ ಅದರ ದೊಡ್ಡ ಸದಸ್ಯಗಳಲ್ಲೊಂದಾದ ಎಂ 86ರ ಬೆಳಕು ಕೆಂಪಿನ ಕಡೆಗಲ್ಲ, ನೀಲಿಯ ಕಡೆಗೆ ಸರಿದಿದೆ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಅದು ನಮ್ಮತ್ತ ಬರುತ್ತಿದೆ. ಪಲ್ಲಟವನ್ನೇ ದೂರವೆಂದು ಓದಿದರೆ ಈ ಗ್ಯಾಲಕ್ಸಿಗೆ ಜಾಗವನ್ನೇ ತೋರಿಸಲಾಗದು.

ಇನ್ನು ಅಳತೆಯ ವಿಷಯ. ದೂರದರ್ಶಕ ಹಿಡಿದ ಬೆಳಕನ್ನು ಒಂದು ಸೀಳುಗಂಡಿಯ ಮೂಲಕವೋ ಗಾಜಿನ ಎಳೆಯ ಮೂಲಕವೋ ರೋಹಿತದರ್ಶಕಕ್ಕೆ ಹಾಯಿಸಿ ಬಣ್ಣಬಣ್ಣವಾಗಿ ಬಿಡಿಸುತ್ತಾರೆ. ಹೀಗೆ ಬಿಡಿಸಿದ ಬಣ್ಣಪಟ್ಟಿಯೇ ರೋಹಿತ. ಹೀಲಿಯಂ, ನಿಯಾನ್, ಆರ್ಗಾನ್ ದೀಪಗಳ ರೋಹಿತವನ್ನೂ ಅದೇ ಉಪಕರಣದಲ್ಲಿ ದಾಖಲಿಸುತ್ತಾರೆ. ಆ ದೀಪಗಳ ರೇಖೆಗಳು ಎಲ್ಲೆಲ್ಲಿ ಬೀಳಬೇಕೆಂದು ನಿಖರವಾಗಿ ಗೊತ್ತಿರುವುದರಿಂದ ಅವೇ ನಮ್ಮ ಅಳತೆಪಟ್ಟಿ. ಬಳಿಕ ಆಕಾಶದ ಸ್ವಂತ ಬೆಳಕನ್ನು ಕಳೆಯಬೇಕು. ರಾತ್ರಿಯ ಆಕಾಶ ಪೂರ್ತಿ ಕತ್ತಲೆಯಲ್ಲ. ವಾತಾವರಣದ ಆಮ್ಲಜನಕ 557.7 ನ್ಯಾನೋಮೀಟರ್ ತರಂಗಾಂತರದಲ್ಲಿ ಹಸಿರಾಗಿ ಹೊಳೆಯುತ್ತದೆ, ಕೆಂಪಿನಾಚೆ ಇಂಥ ರೇಖೆಗಳ ಕಾಡೇ ಇದೆ. ಮಂದ ಗ್ಯಾಲಕ್ಸಿಯ ಬೆಳಕು ಈ ಹೊಳಪಿನ ಕೆಳಗೆ ಹೂತುಹೋಗಿರುತ್ತದೆ. ಕಳೆಯುವಾಗ ತುಸು ಎಡವಿದರೂ ಇಲ್ಲದ ರೇಖೆ ಹುಟ್ಟಿಕೊಳ್ಳುತ್ತದೆ.

ಉಳಿದ ರೋಹಿತದಲ್ಲಿ ಹುಡುಕಬೇಕಾದದ್ದು ಒಂಟಿ ರೇಖೆಯನ್ನಲ್ಲ, ರೇಖೆಗಳ ವಿನ್ಯಾಸವನ್ನು. ಹಳೆಯ ನಕ್ಷತ್ರಗಳಿಂದ ತುಂಬಿದ ಗ್ಯಾಲಕ್ಸಿಯಲ್ಲಿ ಕ್ಯಾಲ್ಸಿಯಂ ಹೀರಿಕೊಂಡ ಎರಡು ಕಪ್ಪು ರೇಖೆಗಳು ಜೋಡಿಯಾಗಿ ಕಾಣುತ್ತವೆ. ಫ್ರಾನ್‌ಹೋಫರ್ ರೇಖೆಗಳ (ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ರೇಖೆಗಳ) ಪಟ್ಟಿಯಲ್ಲಿ ಅವುಗಳ ಹೆಸರು ಕೆ ಮತ್ತು ಎಚ್. ಪ್ರಯೋಗಾಲಯದಲ್ಲಿ ಅವು 393.4 ಮತ್ತು 396.8 ನ್ಯಾನೋಮೀಟರಿನಲ್ಲಿವೆ. ಅವುಗಳಿಂದ ಸ್ವಲ್ಪ ಮುಂದೆ, 400ರ ಸುಮಾರಿಗೆ, ರೋಹಿತ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಈ ಜೋಡಿ ಒಂದು ರೋಹಿತದಲ್ಲಿ 464.2 ಮತ್ತು 468.2ರಲ್ಲಿ ಕಂಡಿತೆನ್ನಿ. 464.2ರಿಂದ 393.4 ಕಳೆದು 393.4ರಿಂದಲೇ ಭಾಗಿಸಿದರೆ 0.18 ಬರುತ್ತದೆ; ಅದೇ ಕೆಂಪುಪಲ್ಲಟ. ಎರಡನೆಯ ರೇಖೆಯೂ ಅದನ್ನೇ ಕೊಡುತ್ತದೆ. ಹಾಗಿದ್ದರೆ ಮೆಗ್ನೀಸಿಯಂ ರೇಖೆಗಳು 611ರ ಹತ್ತಿರ ಇರಲೇಬೇಕು. ಅಲ್ಲಿ ನೋಡಿ, ಇದ್ದರೆ ಮಾತ್ರ ನಂಬಿ.

ಒಂದೇ ರೇಖೆಯನ್ನು ನಂಬಿದರೆ ಏನಾಗುತ್ತದೆ? 774.4 ನ್ಯಾನೋಮೀಟರಿನಲ್ಲಿ ಒಂದೇ ಒಂದು ಹೊಳೆಯುವ ರೇಖೆ ಸಿಕ್ಕಿದೆ ಎಂದುಕೊಳ್ಳಿ. ಅದು ಜಲಜನಕದ 656.3ರ ರೇಖೆಯಾದರೆ ಕೆಂಪುಪಲ್ಲಟ 0.18. ಆಮ್ಲಜನಕದ 372.7ರ ರೇಖೆಯಾದರೆ 1.08. ನಾವು ನೋಡುತ್ತಿರುವ ಗುಚ್ಛದ ಪಲ್ಲಟವೂ 0.18 ಎನ್ನಿ. ಮೊದಲನೆಯದಾದರೆ ಅದು ಆ ಗುಚ್ಛದ ಸದಸ್ಯ, ಎರಡನೆಯದಾದರೆ ಗುಚ್ಛಕ್ಕಿಂತ ನೂರಾರು ಕೋಟಿ ಜ್ಯೋತಿರ್ವರ್ಷ ಹಿಂದಿರುವ, ಗುಚ್ಛಕ್ಕೆ ಸಂಬಂಧವೇ ಇಲ್ಲದ ಗ್ಯಾಲಕ್ಸಿ. ವಾತಾವರಣವೂ ಇಲ್ಲಿ ತೊಡಕು ತರುತ್ತದೆ: ಪಲ್ಲಟ 0.16 ಆಗಿದ್ದರೆ ಜಲಜನಕದ ಅದೇ ರೇಖೆ 761ಕ್ಕೆ ಬಂದು, ನಮ್ಮ ಗಾಳಿಯ ಆಮ್ಲಜನಕ ಬೆಳಕನ್ನು ನುಂಗುವ ಪಟ್ಟಿಯೊಳಗೆ ಮುಳುಗುತ್ತದೆ.

ಇಂದು ಈ ಹೊಂದಾಣಿಕೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಪಲ್ಲಟ ಗೊತ್ತಿರುವ ಮಾದರಿ ರೋಹಿತವನ್ನು ಹೊಸದರ ಮೇಲೆ ಜಾರಿಸುತ್ತಾ, ಎಲ್ಲಿ ಅತ್ಯುತ್ತಮವಾಗಿ ಕೂಡುತ್ತದೆ ಎಂದು ನೋಡುವ ಈ ವಿಧಾನವನ್ನು ಖಗೋಳವಿಜ್ಞಾನಿಗಳಾದ ಟಾನ್ರಿ ಮತ್ತು ಡೇವಿಸ್ 1979ರಲ್ಲಿ ರೂಢಿಗೆ ತಂದರು. ಆದರೂ ಮಂದ ರೋಹಿತಗಳನ್ನು ಮನುಷ್ಯರ ಕಣ್ಣು ಮತ್ತೆ ನೋಡಲೇಬೇಕೆಂದು ನಾನು ನಂಬುತ್ತೇನೆ, ಅದೂ ಇಬ್ಬರು ಬೇರೆ ಬೇರೆಯಾಗಿ. ಒಳ್ಳೆಯ ಪಟ್ಟಿಗಳಲ್ಲಿ ಪ್ರತಿ ಪಲ್ಲಟದ ಪಕ್ಕದಲ್ಲೂ ಅದು ಖಚಿತವೋ, ಸಂಭಾವ್ಯವೋ, ಒಂಟಿ ರೇಖೆಯ ಊಹೆಯೋ ಎಂಬ ಗುರುತಿರುತ್ತದೆ. ಪಲ್ಲಟದ ಸಂಖ್ಯೆಯಷ್ಟೇ ಬೆಲೆ ಆ ಗುರುತಿಗೂ ಇದೆ.

ಪಲ್ಲಟಗಳು ಕೈಗೆ ಬಂದವು. ಈಗ ಸದಸ್ಯರ ಆಯ್ಕೆ. ಅವನ್ನೆಲ್ಲ ಒಂದು ಗೆರೆಯ ಮೇಲೆ ಇಟ್ಟರೆ ಗುಚ್ಛವಿರುವ ಕಡೆ ದಟ್ಟವಾದ ಗುಡ್ಡೆಯೊಂದು ಏಳುತ್ತದೆ. ಹಿಂದಿನವು, ಮುಂದಿನವು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಗುಡ್ಡೆಯ ನಡುವಣ ಬೆಲೆ 0.180, ಒಂದು ಗ್ಯಾಲಕ್ಸಿಯದು 0.184 ಎಂದಿರಲಿ. ವ್ಯತ್ಯಾಸವಾದ 0.004ನ್ನು ಬೆಳಕಿನ ವೇಗದಿಂದ ಗುಣಿಸಿ, 1.18ರಿಂದ (ಒಂದಕ್ಕೆ ನಡುವಣ ಪಲ್ಲಟವನ್ನು ಕೂಡಿದ ಸಂಖ್ಯೆ) ಭಾಗಿಸಬೇಕು; ಸೆಕೆಂಡಿಗೆ ಸುಮಾರು 1,017 ಕಿಲೋಮೀಟರ್ ಬರುತ್ತದೆ. ಹೊಸಬರು ಈ ಭಾಗಾಕಾರವನ್ನು ಮರೆತು 1,200 ಎಂದು ಬರೆಯುವುದುಂಟು. ಆದರೆ ಗುಚ್ಛದೊಳಗಿನ ವೇಗದಿಂದ ಹುಟ್ಟಿದ ಪಲ್ಲಟವನ್ನೂ ವಿಶ್ವದ ಹಿಗ್ಗುವಿಕೆ ಎಳೆದು ಉದ್ದ ಮಾಡಿರುತ್ತದೆ, ಅದನ್ನು ಬಿಚ್ಚಲೇಬೇಕು. ದೊಡ್ಡ ಗುಚ್ಛಗಳಲ್ಲಿ ವೇಗಗಳ ಹರವು ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಈ ಗ್ಯಾಲಕ್ಸಿ ನಿಶ್ಚಿಂತೆಯಿಂದ ಒಳಗಿನದೇ. ಹರವಿನ ಮೂರರಷ್ಟಕ್ಕಿಂತ ಆಚೆ ಬಿದ್ದವನ್ನು ತೆಗೆದು, ಹರವನ್ನು ಹೊಸದಾಗಿ ಲೆಕ್ಕ ಹಾಕಿ, ಮತ್ತೆ ತೆಗೆಯುವುದು ಹಳೆಯ ಸರಳ ಪದ್ಧತಿ.

ಈ ಹರವು ತೊಡಕಲ್ಲ, ಅದೇ ನಿಧಿ. ಕೋಮಾ ಗುಚ್ಛದ ಬೆರಳೆಣಿಕೆಯ ಗ್ಯಾಲಕ್ಸಿಗಳ ವೇಗಗಳನ್ನು ಇಟ್ಟುಕೊಂಡು 1933ರಲ್ಲಿ ಫ್ರಿಟ್ಸ್ ಜ್ವಿಕಿ ಲೆಕ್ಕ ಹಾಕಿದರು. ಅಷ್ಟು ವೇಗವಾಗಿ ಓಡುವ ಗ್ಯಾಲಕ್ಸಿಗಳನ್ನು ಹಿಡಿದಿಡಲು ಕಣ್ಣಿಗೆ ಕಾಣುವ ದ್ರವ್ಯ ಏನೇನೂ ಸಾಲದು ಎಂದು ಕಂಡುಬಂತು. ಕಪ್ಪುದ್ರವ್ಯದ ಮಾತು ಗಂಭೀರವಾಗಿ ಎದ್ದದ್ದು ಅಲ್ಲಿಂದ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಉತ್ತರಕ್ಕೆ ಬೇಕಾದದ್ದು. ಪಲ್ಲಟ ಕೊಟ್ಟ ಅದೇ ರೋಹಿತ ಗ್ಯಾಲಕ್ಸಿಯ ಸ್ಥಿತಿಯನ್ನೂ ಹೇಳುತ್ತದೆ. ಆಮ್ಲಜನಕದ 372.7, ಜಲಜನಕದ 656.3ರ ರೇಖೆಗಳು ಹೊಳೆಯುತ್ತಿದ್ದರೆ ಅಲ್ಲಿ ಸಾಮಾನ್ಯವಾಗಿ ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ. (ಹೊಳಪು ನಡುವಿನ ಕಪ್ಪುರಂಧ್ರದ್ದೂ ಆಗಿರಬಹುದು, ರೇಖೆಗಳ ಪ್ರಖರತೆಯ ಅನುಪಾತಗಳಿಂದ ಅದನ್ನು ಬೇರ್ಪಡಿಸುತ್ತಾರೆ.) ಹೊಳೆಯುವ ರೇಖೆಗಳಿಲ್ಲದೆ ಕ್ಯಾಲ್ಸಿಯಂ ಜೋಡಿಯಷ್ಟೇ ಆಳವಾಗಿದ್ದರೆ ನಕ್ಷತ್ರ ಹುಟ್ಟುವುದು ಎಂದೋ ನಿಂತಿದೆ. ಮೂರನೆಯ ಬಗೆ ನನಗೆ ಎಲ್ಲಕ್ಕಿಂತ ಪ್ರಿಯ. 1983ರಲ್ಲಿ ಡ್ರೆಸ್ಲರ್ ಮತ್ತು ಗನ್ ದೂರದ ಗುಚ್ಛವೊಂದರಲ್ಲಿ ವಿಚಿತ್ರ ರೋಹಿತಗಳನ್ನು ಕಂಡರು: ಹೊಳೆಯುವ ರೇಖೆಯಿಲ್ಲ, ಆದರೆ 410.2ರಲ್ಲಿರುವ ಜಲಜನಕದ ಹೀರಿಕೆ ಬಹಳ ಗಾಢ. ಅಂಥ ಗಾಢ ಹೀರಿಕೆ ‘ಎ’ ವರ್ಗದ, ಅಂದರೆ ಸೂರ್ಯನಿಗಿಂತ ಬಿಸಿಯಾದ, ಭಾರವಾದ ನಕ್ಷತ್ರಗಳ ಗುರುತು. ಅವು ಬಾಳುವುದು ಹೆಚ್ಚೆಂದರೆ ನೂರು, ಇನ್ನೂರು ಕೋಟಿ ವರ್ಷ. ಅವುಗಳಿಗಿಂತ ಅಲ್ಪಾಯುಷಿಗಳಾದ ಭಾರಿ ನಕ್ಷತ್ರಗಳ ಸುಳಿವಿಲ್ಲ. ಅಂದರೆ ನಕ್ಷತ್ರಗಳ ಹುಟ್ಟು ಇತ್ತೀಚೆಗೆ, ಥಟ್ಟನೆ ನಿಂತಿದೆ. ಇದಕ್ಕೆ ಕಾರಣವಾಗಬಲ್ಲ ಒಂದು ಪ್ರಕ್ರಿಯೆಯನ್ನು ಗನ್ ಮತ್ತು ಗಾಟ್ 1972ರಲ್ಲೇ ವಿವರಿಸಿದ್ದರು: ಗುಚ್ಛವನ್ನು ತುಂಬಿರುವ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲದೊಳಗೆ ನುಗ್ಗುವ ಗ್ಯಾಲಕ್ಸಿಯ ತಣ್ಣನೆಯ ಅನಿಲವನ್ನು ಎದುರೊತ್ತಡ ಕಿತ್ತುಹಾಕುತ್ತದೆ.

ವರ್ಗೀಕರಣದಲ್ಲಿ ಎಚ್ಚರ ಬೇಕಾದ ಜಾಗವೂ ಇದೆ. ಹೊಳೆಯುವ ರೇಖೆಗಳಿದ್ದರೆ ಮಂದ ಗ್ಯಾಲಕ್ಸಿಯ ಪಲ್ಲಟವೂ ಸುಲಭವಾಗಿ ಸಿಗುತ್ತದೆ. ಅಷ್ಟೇ ಮಂದವಾದ, ನಕ್ಷತ್ರ ಹುಟ್ಟುವುದು ನಿಂತ ಗ್ಯಾಲಕ್ಸಿಯದು ಸಿಗದೇ ಹೋಗುತ್ತದೆ. ಇನ್ನೊಂದು ತೊಡಕು: ಒಂದೊಂದು ಗ್ಯಾಲಕ್ಸಿಯ ಬೆಳಕನ್ನು ಹಿಡಿಯುವ ಗಾಜಿನ ಎಳೆಗಳನ್ನು ತೀರ ಪಕ್ಕಪಕ್ಕದಲ್ಲಿ ಇಡಲಾಗದು. ಲಕ್ಷಾಂತರ ಗ್ಯಾಲಕ್ಸಿಗಳ ರೋಹಿತ ದಾಖಲಿಸಿದ ಸ್ಲೋನ್ ಆಕಾಶ ಸಮೀಕ್ಷೆಯ ಮೊದಲ ಹಂತದಲ್ಲಿ ಎರಡು ಎಳೆಗಳ ನಡುವೆ ಕನಿಷ್ಠ 55 ಕೋನಸೆಕೆಂಡ್ (ಒಂದು ಕೋನಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಪಾಲು) ಅಂತರ ಬೇಕಿತ್ತು. ಗುಚ್ಛದ ದಟ್ಟ ನಡುಭಾಗದಲ್ಲೇ ಹಲವು ಗ್ಯಾಲಕ್ಸಿಗಳು ಹೀಗೆ ಬಿಟ್ಟುಹೋಗುತ್ತವೆ. ಇವೆರಡನ್ನೂ ಸರಿದೂಗಿಸದೆ ‘ಈ ಗುಚ್ಛದಲ್ಲಿ ಇಷ್ಟು ಪಾಲು ನಕ್ಷತ್ರ ಹುಟ್ಟಿಸುತ್ತಿವೆ’ ಎಂದು ಹೇಳುವುದು ತಪ್ಪು.

ಈಗ ನಿಮ್ಮ ಪ್ರಶ್ನೆಗೆ ಮರಳೋಣ. ಸದಸ್ಯ ಗ್ಯಾಲಕ್ಸಿಗಳನ್ನು ರೋಹಿತದ ಬಗೆಯಂತೆ ಬೇರ್ಪಡಿಸಿ ವೇಗಗಳ ಹರವನ್ನು ಮತ್ತೆ ಅಳೆದರೆ, ಹೊಳೆಯುವ ರೇಖೆಗಳುಳ್ಳವುಗಳ ಹರವು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅವು ನಡುಭಾಗಕ್ಕಿಂತ ಹೊರವಲಯದಲ್ಲೇ ಹೆಚ್ಚಾಗಿ ಸಿಗುತ್ತವೆ. ನಕ್ಷತ್ರ ಹುಟ್ಟುವುದು ನಿಂತವು ಬಹುಕಾಲದಿಂದ ಅಲ್ಲೇ ಸುತ್ತುತ್ತಾ ನೆಲೆಗೊಂಡವು. ಹೊಳೆಯುತ್ತಿರುವವುಗಳಲ್ಲಿ ಬಹಳಷ್ಟು ಈಗಷ್ಟೇ ಹೊರಗಿನಿಂದ ಬೀಳುತ್ತಿವೆ, ಅವುಗಳ ಅನಿಲ ಇನ್ನೂ ಉಳಿದಿದೆ. ಹಾಗೆ ಬೀಳುತ್ತಿರುವ ಒಂದು ಗ್ಯಾಲಕ್ಸಿ ಗುಚ್ಛದ ಒಳಗಿನದೋ ಹೊರಗಿನದೋ ಎಂದು ಕೇಳಿದರೆ ಪಲ್ಲಟ ಒಂದರಿಂದಲೇ ಉತ್ತರ ಸಿಗದು. ಅದರ ರೋಹಿತದಲ್ಲಿ 372.7ರ ರೇಖೆ ಎಷ್ಟು ಹೊಳೆಯುತ್ತಿದೆ ಎಂಬುದನ್ನೂ ನೋಡಬೇಕು.