ಕೈಗಡ ಕೊಟ್ಟು ಎರಡೂವರೆ ವರ್ಷ ಆಯ್ತು, ಪತ್ರ ಇಲ್ಲ. ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ: ಮುಧೋಳ ಕಡೆಯ ಗೆಳೆಯನಿಗೆ ಎರಡೂವರೆ ವರ್ಷದ ಹಿಂದೆ 80,000 ರೂಪಾಯಿ ಫೋನ್‌ಪೇ ಮಾಡಿದ್ದೆ. ಕಾಗದ ಪತ್ರ ಏನೂ ಇಲ್ಲ. ಕೇಳಿದಾಗಲೆಲ್ಲ ‘ಕಬ್ಬಿನ ಬಿಲ್ಲ ಬರ್ಲಿ’ ಅಂತಾನೆ. ಪೊಲೀಸ್ ಕಂಪ್ಲೇಂಟ್ ಕೊಡಬಹುದಾ?

ಉತ್ತರ: ಕೊಡಬಹುದು. ಆದರೆ ‘ಇದು ಸಿವಿಲ್ ಸ್ವರೂಪದ್ದು, ಕೋರ್ಟಿಗೆ ಹೋಗಿ’ ಎಂಬ ಹಿಂಬರಹ ಹಿಡಿದು ಹೊರಗೆ ಬರುವ ಸಂಭವವೇ ಹೆಚ್ಚು. ಸಾಲ ತೀರಿಸದಿರುವುದು ತಾನಾಗಿ ಅಪರಾಧ ಆಗುವುದಿಲ್ಲ. ದುಡ್ಡು ಇಸಿದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಿದರೆ ಮಾತ್ರ ವಂಚನೆಯ ಕೇಸು ನಿಲ್ಲುತ್ತದೆ. ಸಿಟ್ಟಿಗೆದ್ದು ಅವನ ಬೈಕ್ ಎತ್ತಿಕೊಂಡು ಬಂದರೆ ಕಳ್ಳತನದ ಕೇಸು ನಿಮ್ಮ ಮೇಲೇ ಬೀಳಬಹುದು.

ಮೊದಲು ಕ್ಯಾಲೆಂಡರ್ ನೋಡಿ. ವಾಪಸ್ ಕೊಡುವ ದಿನ ಗೊತ್ತುಮಾಡದೆ ಕೊಟ್ಟ ಕೈಗಡಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು 3 ವರ್ಷ. ಅದನ್ನು ಎಣಿಸುವುದು ದುಡ್ಡು ಕೊಟ್ಟ ದಿನದಿಂದ. ‘ನಾನು ಕೇಳಿದ್ದೇ ಹೋದ ವರ್ಷ, ಅಲ್ಲಿಂದ ಮೂರು ವರ್ಷ’ ಎಂದು ಲೆಕ್ಕ ಹಾಕಿ ಕೂತವರು ಬಹಳ ಮಂದಿ. ನಿಮ್ಮ ಕೈಯಲ್ಲಿ ಉಳಿದಿರುವುದು ಆರು ತಿಂಗಳು, ಅಂದರೆ ಹೆಚ್ಚೂಕಡಿಮೆ ಕಬ್ಬು ಅರೆಯುವ ಒಂದು ಹಂಗಾಮು. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಬಿಲ್, ಅಂದರೆ ಕಬ್ಬಿನ ದುಡ್ಡು, ಕೊಡಬೇಕೆಂದು ನಿಯಮ ಇದ್ದರೂ ಅದು ಎಷ್ಟು ಸಲ ತಡವಾಗುತ್ತದೆ ಎಂಬುದು ಮುಧೋಳ, ಜಮಖಂಡಿ ಕಡೆ ಎಲ್ಲರಿಗೂ ಗೊತ್ತು. ಗೆಳೆಯ ಹೇಳುವುದು ನಿಜವೇ ಇರಬಹುದು. ಹಾಗಿದ್ದರೂ ಅವಧಿ ಅವನ ಬಿಲ್ಲಿಗಾಗಿ ಕಾಯುವುದಿಲ್ಲ.

ಎರಡನೆಯದು ಪುರಾವೆ. ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮ ಖಾತೆಯಿಂದ ಅವನ ಖಾತೆಗೆ 80,000 ಹೋಯಿತು ಎಂದಷ್ಟೇ ಹೇಳುತ್ತದೆ. ಅದು ಸಾಲವೆಂದು ಹೇಳುವುದಿಲ್ಲ. ‘ಹಳೇ ಬಾಕಿ ತೀರಿಸ್ಯಾನ್ರಿ, ನಾನ್ಯಾಕ ಕೊಡ್ಲಿ’ ಎಂದು ಕೋರ್ಟಿನಲ್ಲಿ ಅವನು ತಿರುಗಿದರೆ ನಿಮ್ಮ ಬಳಿ ಉತ್ತರ ಇರಬೇಕು. ಆದ್ದರಿಂದ ಜಗಳಕ್ಕೆ ಇಳಿಯುವ ಮುಂಚೆ, ಮಾತು ಇನ್ನೂ ಬೆಚ್ಚಗಿರುವಾಗಲೇ, ತಾರೀಖು ಮತ್ತು ಮೊತ್ತ ಎರಡೂ ಇರುವ ಒಂದು ವಾಟ್ಸಾಪ್ ಕಳಿಸಿ: ‘ದೋಸ್ತ, ಇಂಥಾ ತಾರೀಖಿಗೆ ಕೈಗಡ ಅಂತ ಕೊಟ್ಟ 80,000 ಯಾವಾಗ ಹಾಕ್ತಿ?’ ‘ಗೊತ್ತೈತಪಾ, ಬಿಲ್ಲ ಬಂದ ಕೂಡ್ಲೇ ಹಾಕ್ತೇನಿ’ ಎಂದು ಉತ್ತರ ಬಂದರೆ ಸಾಲ ಎಂಬುದಕ್ಕೆ ಎಳೆ ಸಿಕ್ಕಿತು. ‘ದುಡ್ಡು ಯಾವಾಗ?’ ಎಂದಷ್ಟೇ ಕೇಳಿ, ಅವನು ಹೆಬ್ಬೆರಳು ಎತ್ತಿದರೆ ಅದರಿಂದ ಏನೂ ಹುಟ್ಟುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದೆನೆಂದು ಚಾಟ್ ಅಳಿಸಬೇಡಿ, ಫೋನ್ ಮಾರಬೇಡಿ. ಪ್ರಿಂಟ್ ಯಾವ ಫೋನಿನಿಂದ ಬಂತೆಂದು ದೃಢಪಡಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಲ್ಲದೆ ಬರೀ ಪ್ರಿಂಟ್ ಕೊಟ್ಟರೆ ಎದುರಿನ ವಕೀಲರು ಆಕ್ಷೇಪ ಎತ್ತುತ್ತಾರೆ.

ಆದರೆ ಅವಧಿ ಹೊಸದಾಗಿ ಶುರುವಾಗಲು ಚಾಟ್ ನೆಚ್ಚಿಕೊಳ್ಳಬೇಡಿ. ಅದಕ್ಕೆ ಸಹಿ ಇರುವ ಬರಹ ಬೇಕು, ಅದೂ 3 ವರ್ಷ ಮುಗಿಯುವುದರೊಳಗೆ. ಅರ್ಧ ಹಾಳೆ ಸಾಕು: ‘ಇಂಥವರಿಂದ ಇಂಥ ತಾರೀಖಿಗೆ ಫೋನ್‌ಪೇ ಮೂಲಕ ಪಡೆದ ಕೈಗಡ 80,000 ರೂಪಾಯಿ ಈ ದಿನಕ್ಕೆ ಪೂರ್ತಿ ಬಾಕಿ ಇದೆ.’ ಕೆಳಗೆ ಊರು, ತಾರೀಖು, ಸಹಿ. ಅವನ ಕೈಬರಹದಲ್ಲೇ ಇದ್ದರೆ ಇನ್ನೂ ಗಟ್ಟಿ. ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ, ಸಹಿ ಅರ್ಧ ಸ್ಟ್ಯಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಹಾಯಲಿ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದರೆ ಅದು ಪ್ರಾಮಿಸರಿ ನೋಟು, ಅಂದರೆ ದುಡ್ಡು ಕೊಡುವ ವಾಗ್ದಾನ ಪತ್ರ, ಆಗುತ್ತದೆ. ಸ್ಟ್ಯಾಂಪ್ ಇಲ್ಲದ ಪ್ರಾಮಿಸರಿ ನೋಟನ್ನು ಆಮೇಲೆ ದಂಡ ಕಟ್ಟಿಯೂ ಸಾಕ್ಷ್ಯವಾಗಿ ಉಳಿಸಿಕೊಳ್ಳಲಾಗದು. ಐದೋ ಹತ್ತೋ ಸಾವಿರ ಕಂತು ಕೊಟ್ಟರೆ ಅದೇ ಹಾಳೆಯ ಹಿಂದೆ ಅವನಿಂದಲೇ ಬರೆಸಿ ಸಹಿ ಹಾಕಿಸಿ. ಅದರಿಂದಲೂ ಅವಧಿ ಹೊಸದಾಗುತ್ತದೆ. ಆ ಕಂತನ್ನು ನಗದಾಗಿ ಕೊಡುತ್ತೇನೆಂದರೆ ಬೇಡವೆನ್ನಿ. 20,000 ಅಥವಾ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ತೀರಿಸಿದರೆ ಆದಾಯ ತೆರಿಗೆ ಕಾಯ್ದೆಯಂತೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಬೀಳುವುದು ತೀರಿಸಿದವನಿಗೆ.

ಬರೆದುಕೊಡುವ ಬದಲು ಚೆಕ್ ಕೊಟ್ಟನೋ, ತಾರೀಖುಗಳ ಆಟ ಶುರು. ಚೆಕ್ಕಿನ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್, ಅದರಲ್ಲಿ ಚೆಕ್ಕಿನ ಮೊತ್ತ ಒಂದಂಕಿಯೂ ತಪ್ಪದೆ ಇರಬೇಕು. ನೋಟಿಸ್ ಮುಟ್ಟಿದ ಮೇಲೆ ಅವನಿಗೆ 15 ದಿನ. ಅದು ಮುಗಿದ ಒಂದು ತಿಂಗಳೊಳಗೆ, ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ ದೂರು. ಚೆಕ್ ಕೇಸುಗಳು ಹಾಳಾಗುವುದು ಸಾಮಾನ್ಯವಾಗಿ ಆ 30 ದಿನಗಳಲ್ಲೇ: ‘ಸೋಮವಾರ ಕೊಡ್ತೇನಿ’ ಎಂಬ ಮಾತಿಗೆ ನಾಲ್ಕು ಸೋಮವಾರ ಕಾಯುತ್ತಾರೆ.

ಎರಡೂ ಆಗದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ. ನೋಟಿಸ್ ಕಳಿಸಿದ್ದರಿಂದ ಅವಧಿ ಬೆಳೆಯುವುದಿಲ್ಲ, ನೆನಪಿರಲಿ. ಜವಾಬು ಬರದಿದ್ದರೆ 3 ವರ್ಷ ತುಂಬುವ ಮುಂಚೆ ದಾವೆ.

ಡಿಕ್ರಿ, ಅಂದರೆ ದುಡ್ಡು ಕೊಡಬೇಕೆಂಬ ಕೋರ್ಟಿನ ಆದೇಶ, ಸಿಕ್ಕ ದಿನವೇ ದುಡ್ಡು ಬರುವುದಿಲ್ಲ ಎಂಬುದನ್ನೂ ಈಗಲೇ ತಿಳಿದಿರಬೇಕು. ಅದನ್ನು ಜಾರಿ ಮಾಡಿಸಲು 12 ವರ್ಷ ಅವಕಾಶ ಇದೆ, ಆದರೆ ಸಾಲಗಾರ ರೈತನಾದರೆ ಅವನು ವಾಸಿಸುವ ಮನೆ, ಒಕ್ಕಲುತನದ ಸಾಮಾನು, ಕೋರ್ಟ್ ಅಗತ್ಯ ಎಂದು ಕಾಣುವ ಎತ್ತು, ಬಿತ್ತನೆ ಕಾಳು ಜಪ್ತಿಗೆ ಸಿಗುವುದಿಲ್ಲ. ಅದಕ್ಕೇ 80,000ದಂಥ ಮೊತ್ತಕ್ಕೆ ನಮ್ಮ ಒಲವು ರಾಜಿ ಮಾಡಿಸುವ ಲೋಕ ಅದಾಲತ್ತಿನ ಕಡೆ. ದಾವೆ ಹೂಡುವ ಮೊದಲೇ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ, ವಿಚಾರಿಸಲು 15100ಕ್ಕೆ ಫೋನ್ ಮಾಡಿ. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಗೆಳೆಯ ಒಪ್ಪಿ ಬಂದರೆ ಮಾತ್ರ ಅದು ನಡೆಯುತ್ತದೆ, ಬರದೇ ಹೋದರೂ ದಾವೆ ಹೂಡಲು ದಿನ ಉಳಿದಿರುವಂತೆ ಮೊದಲೇ ಅರ್ಜಿ ಹಾಕಿ. ರಾಜಿಪತ್ರದಲ್ಲಿ ‘ಬಿಲ್ ಬಂದ ಮೇಲೆ’ ಎಂದು ಬರೆಸಬೇಡಿ. ಕಂತಿನ ತಾರೀಖು ಬರೆಸಿ, ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡತಕ್ಕದ್ದು ಎಂಬ ಸಾಲನ್ನೂ ಸೇರಿಸಿ.