ಡೈ ಎಷ್ಟು ಕೆಳಗಿಳಿಸಬೇಕು? ನಿಮ್ಮ ಖಾಲಿ ಕೇಸನ್ನೇ ಕೇಳಿ

ಪ್ರಶ್ನೆ: ನಾನು ಇರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. 6.5 ಕ್ರೀಡ್‌ಮೂರ್ ಅನ್ನೋ ಅಳತೆಯ ತೋಟಾ ಹಾಕುವ ನನ್ನ ಬೋಲ್ಟ್ ರೈಫಲ್‌ಗೆ ಮನೆಯಲ್ಲೇ ತೋಟಾ ಕಟ್ಟಲು ಶುರು ಮಾಡಿದ್ದೇನೆ. ನೆಕ್ ಡೈ ತಗೊಳ್ಳಲಾ, ಫುಲ್ ಲೆಂತ್ ಡೈ ತಗೊಳ್ಳಲಾ? ಡೈ ಜೊತೆ ಬಂದ ಚೀಟಿಯಲ್ಲಿ ಶೆಲ್ ಹೋಲ್ಡರ್‌ಗೆ ತಾಗಿಸಿ, ಇನ್ನೂ ಕಾಲು ಸುತ್ತು ತಿರುಗಿಸಿ ಅಂತ ಬರೆದಿದೆ. ಹಾಗೇ ಮಾಡಿದ್ರೆ ಸಾಕಾ?

ಉತ್ತರ: ಫುಲ್ ಲೆಂತ್ ಡೈ ತಗೊಳ್ಳಿ. ಆದರೆ ಆ ಕಾಲು ಸುತ್ತನ್ನು ಕಣ್ಣು ಮುಚ್ಚಿ ಹಾಕಬೇಡಿ. ಹೊಸಬರಿಗೆ ಹೇಳುವುದಾದರೆ, ಡೈ ಅಂದರೆ ಹಾರಿಸಿದ ಕೇಸನ್ನು ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚು. ಅದನ್ನು ಪ್ರೆಸ್ ಅನ್ನುವ ಕೈಯಂತ್ರಕ್ಕೆ ತಿರುಗಿಸಿ ಕೂರಿಸುತ್ತಾರೆ. ಕೇಸಿನ ಬುಡ ಹಿಡಿದು ಡೈ ಒಳಗೆ ತಳ್ಳುವ ತುಂಡೇ ಶೆಲ್ ಹೋಲ್ಡರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನೀವಿರುವ ಊರಿನ ಹವ್ಯಾಸ. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ತೋಟಾ ತಯಾರಿಸಲು ಪರವಾನಗಿ ಬೇಕು. ಊರಲ್ಲಿ ಕೂತು ಓದುತ್ತಿರುವವರು ಇದನ್ನು ಓದಿಗಷ್ಟೇ ಇಟ್ಟುಕೊಳ್ಳಿ.

ಗುಂಡು ಹಾರಿದಾಗ ಹಿತ್ತಾಳೆ ಕೇಸು ಉಬ್ಬಿ ಚೇಂಬರ್‌ನ, ಅಂದರೆ ಕೋವಿಯಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಕುಗ್ಗುತ್ತದೆ. ಅಂದರೆ ಹೊರಗೆ ಬಂದ ಖಾಲಿ ಕೇಸು ನಿಮ್ಮ ಚೇಂಬರ್‌ನ ಅಚ್ಚು ಇದ್ದ ಹಾಗೆ. ಅದನ್ನು ಮತ್ತೆ ಸಲೀಸಾಗಿ ಒಳಗೆ ಹೋಗುವಷ್ಟು ಮಾತ್ರ ಸಣ್ಣ ಮಾಡಬೇಕು. ಡೈಯ ಕೆಲಸ ಅಷ್ಟೇ.

ನೆಕ್ ಡೈ ಕತ್ತನ್ನು ಮಾತ್ರ ಬಿಗಿ ಮಾಡುತ್ತದೆ. ಮೈ, ಹೆಗಲು (ಮೈ ಕತ್ತಿನ ಕಡೆಗೆ ಸಣ್ಣದಾಗುವ ಇಳಿಜಾರು) ಎರಡನ್ನೂ ಮುಟ್ಟುವುದಿಲ್ಲ. ಮೊದಲ ಒಂದೆರಡು ಸಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಮುಚ್ಚಲು ಒತ್ತಬೇಕಾಗುತ್ತದೆ. ಸ್ಪರ್ಧೆಯಲ್ಲಿ ಗಡಿಯಾರ ಓಡುತ್ತಿರುವಾಗ ಬೋಲ್ಟ್ ಒತ್ತಿದಿರೋ, ಕೋವಿ ಅಲುಗಿತು, ಗುರಿ ಜಾರಿತು. ಅದಕ್ಕೇ ನಾನು ಫುಲ್ ಲೆಂತ್ ಕಡೆಗೇ ವಾಲುತ್ತೇನೆ. ಅದರಲ್ಲೂ ಬುಶಿಂಗ್ (ಕತ್ತನ್ನು ಬಿಗಿ ಮಾಡುವ, ಬದಲಾಯಿಸಬಹುದಾದ ಉಂಗುರ) ಹಾಕುವಂಥದ್ದು ಸಿಕ್ಕರೆ ಒಳ್ಳೆಯದು. ರೆಡ್ಡಿಂಗ್, ಫಾರ್ಸ್ಟರ್, ವಿಡನ್ ಎಲ್ಲರೂ ಅಂಥ ಡೈ ಮಾಡುತ್ತಾರೆ. ಗುಂಡು ಕೂರಿಸಿದ ತೋಟಾದ ಕತ್ತನ್ನು ಅಳೆಯಿರಿ. 0.290 ಇಂಚು ಬಂತು ಅಂತಿಟ್ಟುಕೊಳ್ಳಿ. ಅದಕ್ಕಿಂತ 0.002 ಅಥವಾ 0.003 ಕಡಿಮೆಯ ಬುಶಿಂಗ್‌ನಿಂದ ಶುರು ಮಾಡಿ.

ಈಗ ಮುಖ್ಯ ವಿಷಯ. ಕಾರ್ಖಾನೆಯ ಡೈ ಎಲ್ಲರ ಕೋವಿಗೂ ಹೊಂದಬೇಕು, ಅಲ್ವಾ? ಹಾಗಾಗಿ ತುಂಬಾ ಚಿಕ್ಕ ಚೇಂಬರ್‌ಗೂ ಹೋಗುವಷ್ಟು ಹೆಗಲನ್ನು ಹಿಂದಕ್ಕೆ ತಳ್ಳುವ ಹಾಗೆ ಮಾಡಿರುತ್ತಾರೆ. ಚೀಟಿ ಹೇಳಿದಂತೆ ಪೂರ್ತಿ ಇಳಿಸಿದರೆ ಹೆಗಲು ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಹೋಗಬಹುದು. ಹಾರಿಸಿದಾಗ ಕೇಸು ಅಷ್ಟೂ ಮುಂದಕ್ಕೆ ಹಿಗ್ಗುತ್ತದೆ. ಪ್ರತಿ ಸಲ ಹೀಗಾದರೆ ಬುಡದ ಹತ್ತಿರ ಹಿತ್ತಾಳೆ ತೆಳುವಾಗುತ್ತಾ ಹೋಗುತ್ತದೆ. ಹೊರಗೆ ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಒಂದು ಉಂಗುರ ಕಾಣಿಸುತ್ತದೆ. ತುದಿ ಬಗ್ಗಿಸಿದ ತಂತಿ ಒಳಗೆ ಹಾಕಿ ಗೋಡೆ ಸವರಿ. ಅಲ್ಲಿ ತಗ್ಗು ಸಿಕ್ಕರೆ ಆ ಕೇಸನ್ನು ಎಸೆಯಿರಿ, ಯೋಚನೆ ಮಾಡಬೇಡಿ. ಅದು ಚೇಂಬರ್ ಒಳಗೇ ಎರಡು ತುಂಡಾಗಬಹುದು.

ಹಾಗಾದ್ರೆ ಎಷ್ಟು ತಳ್ಳಬೇಕು? ಬೋಲ್ಟ್ ರೈಫಲ್‌ಗೆ ಇಂಚಿನ ಸಾವಿರದಲ್ಲಿ ಒಂದರಿಂದ ಎರಡು ಪಾಲು. ಇಲ್ಲಿಯವರು ಇದನ್ನು ಥೌ ಅಂತಾರೆ. ಸೆಮಿ ಆಟೋಮ್ಯಾಟಿಕ್‌ಗೆ ಮೂರು, ನಾಲ್ಕು ಥೌ. ಇದಕ್ಕೆ ಕ್ಯಾಲಿಪರ್ ಬೇಕು, ಬುಡದಿಂದ ಹೆಗಲಿನವರೆಗೆ ಅಳೆಯಲು ಅದಕ್ಕೆ ಸಿಕ್ಕಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಬೇಕು. ಕ್ರೀಡ್‌ಮೂರ್‌ಗೆ 0.400 ಇಂಚಿನದು ಹೊಂದುತ್ತದೆ. ಎರಡು ಮೂರು ಸಲ ಹಾರಿಸಿದ ಕೇಸುಗಳಲ್ಲಿ ಐದಾರು ಆರಿಸಿ. ಒಂದೇ ಸಲ ಹಾರಿದ ಕೇಸು ಕೆಲವೊಮ್ಮೆ ಪೂರ್ತಿ ಹಿಗ್ಗಿರುವುದಿಲ್ಲ. ಉಬ್ಬಿದ ಪ್ರೈಮರ್ (ಬುಡದಲ್ಲಿರುವ, ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಅಳತೆ ಕೆಡಿಸುತ್ತದೆ, ಮೊದಲು ಅದನ್ನು ತೆಗೆಯಿರಿ. ಅಳೆದು ಬರೆದಿಟ್ಟುಕೊಳ್ಳಿ. 1.550 ಇಂಚು ಬಂತು ಅಂತಿಟ್ಟುಕೊಳ್ಳೋಣ. ನಮ್ಮ ಗುರಿ 1.548.

ಡೈಯನ್ನು ಶೆಲ್ ಹೋಲ್ಡರ್‌ಗೆ ತಾಗಿಸಿ, ಒಂದು ಸುತ್ತು ಮೇಲಕ್ಕೆ ಬಿಚ್ಚಿ. ಕೇಸಿಗೆ ತೆಳ್ಳಗೆ ಮೇಣ ಸವರಿ. ಸವರದಿದ್ದರೆ ಕೇಸು ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ, ಜಾಸ್ತಿಯಾದರೆ ಹೆಗಲಿಗೆ ತಗ್ಗು ಬೀಳುತ್ತದೆ. ಒತ್ತಿ, ಒರೆಸಿ, ಅಳೆಯಿರಿ.

ಹೊಸಬರು ಗಾಬರಿಯಾಗುವುದು ಇಲ್ಲೇ. 1.550 ಇದ್ದದ್ದು 1.552 ಆಗಿರುತ್ತದೆ! ಸಣ್ಣದಾಗಬೇಕಾದ್ದು ಉದ್ದ ಆಯ್ತಲ್ಲ ಅಂತ ಅನಿಸುತ್ತದೆ. ಡೈ ಮೊದಲು ಮೈಯನ್ನು ಹಿಂಡುತ್ತದೆ. ಚಕ್ಕುಲಿ ಒರಳು ಒತ್ತಿದಾಗ ಹಿಟ್ಟು ಬರುವ ಹಾಗೆ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ. ಹೆಗಲಿಗೆ ಡೈ ಇನ್ನೂ ತಾಗಿಯೇ ಇರುವುದಿಲ್ಲ. ಈ ಹಂತದಲ್ಲಿ ನಿಲ್ಲಿಸಿದರೆ ಬೋಲ್ಟ್ ಇನ್ನೂ ಬಿಗಿಯಾಗುತ್ತದೆ. ಹೆದರದೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಿ.

ಎಷ್ಟು ಸ್ವಲ್ಪ? ಡೈಯ ತಿರುಪಿನ ಮರೆ ಇಂಚಿಗೆ 14 ಸುತ್ತು. ಒಂದು ಸುತ್ತಿಗೆ 71 ಥೌ ಚಿಲ್ಲರೆ. ಎರಡು ಥೌ ಅಂದರೆ ಬರೀ 10 ಡಿಗ್ರಿ, ಗಡಿಯಾರದಲ್ಲಿ ಎರಡು ನಿಮಿಷಕ್ಕೂ ಕಡಿಮೆ. ಮಾರ್ಕರ್‌ನಲ್ಲಿ ಡೈ ಮೇಲೊಂದು, ಪ್ರೆಸ್ ಮೇಲೊಂದು ಗೆರೆ ಎಳೆದುಕೊಂಡರೆ ಕಣ್ಣಿಗೇ ಗೊತ್ತಾಗುತ್ತದೆ. 1.548 ಬಂದ ಮೇಲೆ ಕೇಸು ಡೈ ಒಳಗೇ ಇರುವಾಗ, ಡೈ ಅಲುಗದಂತೆ ಹಿಡಿಯುವ ಲಾಕ್ ರಿಂಗ್ ಬಿಗಿ ಮಾಡಿ. ಬಿಗಿ ಮಾಡಿದಾಗ ಅಳತೆ ಚೂರು ಸರಿಯಬಹುದು, ಇನ್ನೊಂದು ಕೇಸು ಒತ್ತಿ ನೋಡಿ.

ಕೊನೆಗೆ ಬೋಲ್ಟ್‌ನಿಂದ ಫೈರಿಂಗ್ ಪಿನ್, ಎಜೆಕ್ಟರ್ ಎರಡನ್ನೂ ತೆಗೆದು, ಆ ಖಾಲಿ ಕೇಸನ್ನು ಚೇಂಬರ್‌ಗೆ ಹಾಕಿ. ಬೋಲ್ಟ್ ಹಿಡಿ ತನ್ನ ಭಾರಕ್ಕೇ ಕೆಳಗಿಳಿದರೆ ನಿಮ್ಮ ಡೈ ಸರಿಯಾಗಿ ಕೂತಿದೆ.

ಹಿತ್ತಾಳೆ ಗಟ್ಟಿಯಾಗುತ್ತಾ ಬಂದಂತೆ ಜಾಸ್ತಿ ಪುಟಿಯುತ್ತದೆ. ಅದೇ ಡೈ, ಅದೇ ಗೆರೆ, ಆದರೂ ಐದನೇ ಸಲಕ್ಕೆ 1.549 ಬರಬಹುದು. ಪ್ರತಿ ಸಲ ರಾಶಿ ಒತ್ತುವ ಮೊದಲು ಮೂರು ಕೇಸು ಅಳೆಯಿರಿ. ಅನೀಲ್ ಮಾಡಿದ (ಕಾಯಿಸಿ ಮೆದು ಮಾಡಿದ) ಕೇಸುಗಳನ್ನೂ ಮಾಡದವನ್ನೂ ಒಂದೇ ಡಬ್ಬಿಗೆ ಹಾಕಬೇಡಿ.